ತೊಂಬತ್ತರ ಪ್ಯಾಕೆಟ್‌ನ ಲೆಕ್ಕ
ಅಗ್ಗದ ಮದ್ಯವನ್ನು ಹೋಲಿಸುವಾಗ ಎಂಆರ್‌ಪಿ ಜೊತೆಗೆ ಒಳಗಿರುವ ಆಲ್ಕೋಹಾಲ್ ಎಷ್ಟೆಂದೂ ನೋಡಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ಭಟ್ಕಳ, ಹೊನ್ನಾವರ, ಕುಮಟಾದ ಕೂಲಿಯವರಿಗೂ ಬೋಟಿನವರಿಗೂ ಕೈಗೆಟಕುವುದು 90 ಎಂಎಲ್ ಮದ್ಯದ ಪ್ಯಾಕೆಟ್. ಅಂಗೈಯಲ್ಲಿ ಅಡಗುವ ಆ ರಟ್ಟಿನ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಶೇ. 42.8 ಎಂದಿರುತ್ತದೆ, ಅಂದರೆ ಶುದ್ಧ ಆಲ್ಕೋಹಾಲ್ ಸುಮಾರು 38.5 ಎಂಎಲ್. ಶೇ. 5ರ 650 ಎಂಎಲ್ ಬಿಯರ್‌ನಲ್ಲಿರುವುದು 32.5, ಶೇ. 8ರ ಸ್ಟ್ರಾಂಗ್ ಬಿಯರ್‌ನಲ್ಲಿ 52. ಎಂಆರ್‌ಪಿಯನ್ನು ಈ ಅಂಕಿಯಿಂದ ಭಾಗಿಸಿದರೆ ಸಾಮಾನ್ಯವಾಗಿ ಪ್ಯಾಕೆಟ್ಟೇ ಅಗ್ಗ. ಅಪಾಯವೂ ಅಲ್ಲೇ ಹೆಚ್ಚು: ಶೇ. 5ರ ಒಂದು ಬಾಟಲಿ ಬಿಯರ್‌ಗಿಂತ ಹೆಚ್ಚಿನ ಆಲ್ಕೋಹಾಲ್ ನಾಲ್ಕೇ ಗುಟುಕಿನಲ್ಲಿ, ಹಲವು ಸಲ ಖಾಲಿ ಹೊಟ್ಟೆಗೆ, ಇಳಿಯುತ್ತದೆ. ಪಕ್ಕದ ಗೋವಾದಿಂದ ತರುವ ಬಾಟಲಿ ಅಗ್ಗವೇ ಹೌದು. ಆದರೆ ಪರವಾನಗಿ ಇಲ್ಲದೆ ತಂದರೆ ಕಾರವಾರದ ಮಾಜಾಳಿ ತನಿಖಾ ಠಾಣೆಯಲ್ಲಿ ಮಾಲಿನ ಜೊತೆ ಗಾಡಿಯೂ ಜಪ್ತಿಯಾಗಬಹುದು.