ನಮ್ಮ ಗುಂಡೂರಾವ್, ಅವರ ನಾಗೇಶ್

ತಮಿಳಿನ ಹಾಸ್ಯನಟ ನಾಗೇಶ್ ಗೊತ್ತಲ್ಲವೇ? ಅವರ ಮನೆಮಾತು ಕನ್ನಡ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಗುಂಡೂರಾವ್. ಮುಂಬೈ, ದೆಹಲಿಯವರ ಮಾತಿರಲಿ, ಚೆನ್ನೈ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ಇದು ಹೊಸ ಸುದ್ದಿ.

1933ರಲ್ಲಿ ತಮಿಳುನಾಡಿನ ಧಾರಾಪುರದಲ್ಲಿ, ಕನ್ನಡದ ಮಾಧ್ವ ಮನೆತನದಲ್ಲಿ ಹುಟ್ಟಿದವರು. ಮದ್ರಾಸಿಗೆ ಬಂದು ರೈಲ್ವೆ ಕೆಲಸಕ್ಕೆ ಸೇರಿದರು. ಕಡ್ಡಿಯಂಥ ಮೈ, ಮುಖದ ತುಂಬ ಸಿಡುಬಿನ ಕಲೆ. ಆ ಕಾಲದ ಸಿನಿಮಾ ಹುಡುಕುತ್ತಿದ್ದ ಮುಖ ಅದಲ್ಲ ಬಿಡಿ. ಆದರೆ ಒಂದು ನಾಟಕದಲ್ಲಿ ಹೊಟ್ಟೆನೋವಿನ ರೋಗಿಯಾಗಿ ಅವರು ಒದ್ದಾಡಿದ ಪರಿ ನೋಡಿ, ಅತಿಥಿಯಾಗಿದ್ದ ಎಂ.ಜಿ.ಆರ್. ವೇದಿಕೆಯಲ್ಲೇ ಹೊಗಳಿದರು.

ಕೆ. ಬಾಲಚಂದರ್ ಅವರಿಗಾಗಿ ಪಾತ್ರಗಳನ್ನೇ ಬರೆದರು. 'ಸರ್ವರ್ ಸುಂದರಂ' ಮೊದಲು ನಾಟಕ, 1964ರಲ್ಲಿ ಸಿನಿಮಾ. ಹೋಟೆಲ್ ಮಾಣಿಯೊಬ್ಬ ಚಿತ್ರನಟನಾಗುವ ಕಥೆ. 1968ರ 'ಎದಿರ್ ನೀಚ್ಚಲ್'ನಲ್ಲಿ ಮಹಡಿ ಮೆಟ್ಟಿಲ ಕೆಳಗೆ ಮಲಗಿ, ವಠಾರದವರ ಚಾಕರಿ ಮಾಡುತ್ತಾ ಓದುವ ಅನಾಥ ಹುಡುಗ. ಗಮನಿಸಿದಿರಾ? ಎರಡು ಕಡೆಯೂ ನಗು ಹುಟ್ಟುವುದು ಬಡತನದಿಂದಲೇ.

ನನ್ನ ಮಟ್ಟಿಗೆ ಅವರ ಶಿಖರ 1965ರ 'ತಿರುವಿಳೈಯಾಡಲ್'. ಪಾಂಡ್ಯರಾಜ ಸಾವಿರ ಹೊನ್ನಿನ ಬಹುಮಾನ ಸಾರಿದ್ದಾನೆ. ಬಡಕವಿ ದರುಮಿಗೆ ಪದ್ಯ ಹೊಳೆಯುತ್ತಿಲ್ಲ. ಗುಡಿಯಲ್ಲಿ ಒಬ್ಬನೇ ನಿಂತು, ಆ ಹೊನ್ನು ಇನ್ಯಾರ ಪಾಲಾಗುವುದೋ ಎಂದು ಗೋಳಾಡುತ್ತಾನೆ. ಶಿವನೇ, ಅಂದರೆ ಶಿವಾಜಿ ಗಣೇಶನ್, ಎದುರು ಬಂದು 'ಪ್ರಶ್ನೆ ನೀನು ಕೇಳುತ್ತೀಯೋ, ನಾನು ಕೇಳಲೋ' ಎಂದರೆ, ತನಗೆ ಬರುವುದು ಕೇಳುವುದೊಂದೇ ಎಂದು ಒಪ್ಪಿಕೊಂಡುಬಿಡುತ್ತಾನೆ! ಶಿವಾಜಿಯವರ ಎದುರು ನಿಂತು ದೃಶ್ಯವನ್ನು ತನ್ನದಾಗಿಸಿಕೊಳ್ಳುವುದೆಂದರೆ ಹುಡುಗಾಟವೇ? ಎಲ್ಲ ದನಿಯ ಆಟ: ಹೆದರಿಕೆ, ಆಸೆ, ಜಂಬ ಒಂದೇ ಉಸಿರಿನಲ್ಲಿ. ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಅದು ಪಾಠ.

ಇದರ ತದ್ವಿರುದ್ಧ 1994ರ 'ಮಗಳಿರ್ ಮಟ್ಟುಂ'. ಅಲ್ಲಿ ಅವರು ಹೆಣ! ಒಂದು ಮಾತಿಲ್ಲ, ರೆಪ್ಪೆ ಅಲುಗಿಸುವಂತಿಲ್ಲ. ಸುತ್ತಲಿನವರು ಎಳೆದಾಡಿದ ಕಡೆಗೆ ಮೈ ವಾಲುತ್ತದೆ, ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ.

ಅದೇ ವರ್ಷದ 'ನಮ್ಮವರ್' ಚಿತ್ರದಲ್ಲಿ ಮಗಳನ್ನು ಕಳೆದುಕೊಂಡ ಪ್ರಾಧ್ಯಾಪಕನಾಗಿ ಅಳಿಸಿದರು. ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ನಗಿಸಿದ್ದಕ್ಕಲ್ಲ, ನೋಡಿ!

2009ರ ಜನವರಿ 31ರಂದು ಚೆನ್ನೈಯಲ್ಲಿ ತೀರಿಕೊಂಡರು. ಟಿವಿಯಲ್ಲಿ ಮುಂದಿನ ಸಲ ದರುಮಿ ಬಂದಾಗ ಒಮ್ಮೆ ಕಣ್ಣು ಮುಚ್ಚಿ ಕೇಳಿ. ತಮಿಳು ಪೂರ್ತಿ ಬರದಿದ್ದರೂ ಪರವಾಗಿಲ್ಲ.