ಉಪಗ್ರಹ ಕಂಡ ಹಸಿರು, ದೋಣಿ ತಂದ ನೀರು



ಪೈರು ಹಳದಿಯಾದರೆ ದೂರದಿಂದಲೇ ಸಾರಜನಕದ ಕೊರತೆಯೆಂದು ಹೇಳಿಬಿಡುತ್ತೇವೆ. ಗಿಡ ಕಿತ್ತು ನೋಡಿದರೆ ನೀರು ನಿಂತು ಬೇರು ಕೊಳೆತಿರುವುದೂ ಉಂಟು. ಕಡಲ ನೀರನ್ನು ಮೇಲಿನಿಂದ ನೋಡುವ ಉಪಗ್ರಹಕ್ಕೂ ಇದೇ ಪಾಡು.

ನಮ್ಮ ದೇಶವು 2009ರಲ್ಲಿ ಓಷನ್‌ಸ್ಯಾಟ್-2, 2022ರಲ್ಲಿ ಓಷನ್‌ಸ್ಯಾಟ್-3 ಎಂಬ ಉಪಗ್ರಹಗಳನ್ನು ಹಾರಿಸಿತು. ಇಂಥವು ಸಮುದ್ರದ ಬಣ್ಣದಿಂದ ಅಲ್ಲಿನ ಸೂಕ್ಷ್ಮ ಸಸ್ಯಗಳ ಪ್ರಮಾಣವನ್ನು ಅಂದಾಜು ಮಾಡುತ್ತವೆ. ಈ ಸಸ್ಯಗಳ ಪತ್ರಹರಿತ್ತು ನೀಲಿ ಬೆಳಕನ್ನು ಹೀರುತ್ತದೆ. ನೀಲಿ ಕಡಿಮೆಯಾಗಿ ಹಸಿರು ಹೆಚ್ಚಾಗಿ ಕಂಡರೆ ಸಸ್ಯ ಹೆಚ್ಚೆಂದು ಲೆಕ್ಕ.

ಆಳವಾದ ಕಡಲಿನಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿ. ತೊಡಕು ಬರುವುದು ನೇತ್ರಾವತಿ, ಶರಾವತಿಗಳ ಅಳಿವೆಯಂಥ ಕಡೆ. ಕೊಳೆತ ಎಲೆಯಿಂದ ಚಹಾದ ಬಣ್ಣಕ್ಕೆ ತಿರುಗಿದ ನೀರೂ ನೀಲಿಯನ್ನೇ ಹೀರುತ್ತದೆ. ಉಪಗ್ರಹ ಅದನ್ನೂ ಸಸ್ಯವೆಂದು ಎಣಿಸೀತು. ಕೆಂಪು ಮಣ್ಣಿನ ನೀರಿನದು ಇನ್ನೊಂದು ಗೋಜು. ಉಪಗ್ರಹಕ್ಕೆ ಮುಟ್ಟುವ ಬೆಳಕಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನಡುವಿನ ವಾಯುಮಂಡಲದ್ದು. ಅದನ್ನು ಕಳೆದು ನೀರಿನ ಪಾಲನ್ನು ಉಳಿಸಿಕೊಳ್ಳಬೇಕು. ಮಣ್ಣಿನ ಹೊಳಪು ಈ ಕಳೆಯುವ ಲೆಕ್ಕವನ್ನೇ ಕೆಡಿಸುತ್ತದೆ.

ಆದಕಾರಣ ದೋಣಿಯಲ್ಲಿ ಹೋಗಿ ನೀರು ತರಬೇಕು. ಉಪಗ್ರಹ ಹಾದುಹೋಗುವ ವೇಳೆಗೆ ಹಿಂದೆ ಮುಂದೆ ಮೂರು ಗಂಟೆಯೊಳಗೆ ತೆಗೆದ ನೀರಾದರೆ ಹೋಲಿಕೆಗೆ ಅನುಕೂಲ. ಉಬ್ಬರ ಇಳಿತಗಳಲ್ಲಿ ಅಳಿವೆಯ ನೀರು ಬೇಗ ಬದಲಾಗುತ್ತದೆ. ಓಷನ್‌ಸ್ಯಾಟ್-2ರ ಚಿತ್ರದ ಒಂದೊಂದು ಚುಕ್ಕೆ 360 ಮೀಟರ್ ಅಗಲದ್ದು. ಅಷ್ಟಕ್ಕೂ ಒಂದೇ ಬಾಟಲಿ ನೀರು ಸಾಕ್ಷಿಯಾಗದು, ಸುತ್ತ ನಾಲ್ಕಾರು ಕಡೆ ತೆಗೆಯಬೇಕು. ನಾನೇ ಕಲಿಯುವಾಗ ತಿಪ್ಪೆಯ ಪಕ್ಕದ ಮಣ್ಣು ತೆಗೆದು ಇಡೀ ಹೊಲವೇ ಫಲವತ್ತಾದುದೆಂದು ಬರೆದಿದ್ದೆ! ನೀರನ್ನು ತಂಪಿನಲ್ಲಿ, ಕತ್ತಲೆಯಲ್ಲಿ ತಂದು ಸೋಸಿ, ಸೋಸುಕಾಗದದ ಮೇಲೆ ಉಳಿದ ಹಸಿರನ್ನು ಅಸಿಟೋನಿನಲ್ಲಿ ಕರಗಿಸಿ ಅಳೆಯುತ್ತಾರೆ.

ಇದು ನಮಗೇಕೆ? ಅಳಿವೆಯಲ್ಲಿ ಹಸಿರು ಕಂಡೊಡನೆ ‘ಗದ್ದೆಯವರ ಯೂರಿಯಾ’ ಎಂಬ ಮಾತು ಏಳುತ್ತದೆ. ಅದು ನಿಜವೂ ಇರಬಹುದು. ಆದರೆ ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆದ್ದು ತಾನಾಗಿಯೇ ಪೋಷಕಾಂಶ ತರುತ್ತದೆ. ಯಾವುದು ಎಷ್ಟೆಂದು ತಿಳಿಯಲು ನದಿಯ ನೀರಿನಲ್ಲೂ ಕಡಲ ನೀರಿನಲ್ಲೂ ನೈಟ್ರೇಟು ಅಳೆಯಬೇಕು; ಉಪಗ್ರಹಕ್ಕೆ ನೈಟ್ರೇಟು ಕಾಣದು. ಮೇಲುಗೊಬ್ಬರ ಕೊಡುವ ಆ ತಿಂಗಳುಗಳಲ್ಲಿ ಮೋಡ ಕವಿದು ಅದಕ್ಕೆ ಕಡಲೇ ಕಾಣದ ದಿನಗಳೂ ಬಹಳ.

ನೀರು ಪರೀಕ್ಷಿಸುವವರು ನಿಮ್ಮ ಹೊಳೆಬದಿಗೆ ಬಂದು ಗೊಬ್ಬರ ಹಾಕಿದ ದಿನ, ಪ್ರಮಾಣ ಕೇಳಿದರೆ ಹೆದರದೆ ಇದ್ದುದನ್ನು ಇದ್ದಂತೆ ಹೇಳಿರಿ. ತಾರೀಖನ್ನು ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.