ವಿದ್ಯುತ್ ಗಿಟಾರಿನ ಪಿಕಪ್ಪು: ನಾದಗ್ರಾಹಿಯೋ, ಸ್ಪಂದಗ್ರಾಹಿಯೋ?

ಗಣೇಶೋತ್ಸವದ ದಿನಗಳಲ್ಲಿ ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ನಡೆಯುವ ರಸಮಂಜರಿ ಕಾರ್ಯಕ್ರಮಗಳಲ್ಲಿ ವಿದ್ಯುತ್ ಗಿಟಾರಿಗೆ ಸ್ಥಾನ ದೊರೆತು ಬಹುಕಾಲವಾಯಿತು. ಡ್ರಮ್ಮು, ಕೀಬೋರ್ಡು, ಬೇಸ್ ಗಿಟಾರುಗಳ ಭೋರ್ಗರೆತದ ನಡುವೆ ಈ ತಂತೀವಾದ್ಯದ ಸ್ವರವು ಅಡಗಿಹೋಗುವುದುಂಟು. ಅಡಗದಿದ್ದಲ್ಲಿ ಗುಂಯ್ ಎನ್ನುವ ಶಬ್ದವೊಂದು ಅದರ ಬೆನ್ನುಹತ್ತಿ ಬರುವುದುಂಟು. ಆಗ ವಾದಕನು ಹಳೆಯ ಪಿಕಪ್ಪನ್ನು ತೆಗೆಯಿಸಿ ಹೊಸತನ್ನು ಕೂಡಿಸಲೆಳಸುವನು. ಅಮೆರಿಕದ ಡಿಮಾರ್ಜಿಯೊ ಸಂಸ್ಥೆಯ ‘ಸೂಪರ್ ಡಿಸ್ಟಾರ್ಶನ್’ 1972ರಲ್ಲಿ ಹೊರಬಂದಂದಿನಿಂದ ಇಂತಹ ಬದಲಿ ಪಿಕಪ್ಪುಗಳದೇ ಒಂದು ವ್ಯಾಪಾರವಾಗಿ ಬೆಳೆದಿದೆ. ಯಾವುದನ್ನು ಆರಿಸತಕ್ಕದ್ದೆಂಬ ಪ್ರಶ್ನೆಯು ಆ ಉಪಕರಣಕ್ಕೆ ಕನ್ನಡದಲ್ಲಿ ಯಾವ ಹೆಸರು ಸಲ್ಲುವುದೆಂಬ ಪ್ರಶ್ನೆಯೊಡನೆ ಹೆಣೆದುಕೊಂಡಿರುವುದರಿಂದ ಎರಡನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತವಾಗಿದೆ.

‘ನಾದಗ್ರಾಹಿ’ ಎಂಬ ಮಾತು ಮೊದಲು ನಾಲಗೆಗೆ ಬರುವುದು ಸಹಜ. ಆದರೆ ಅದು ಅರ್ಥಕ್ಕೆ ಒಗ್ಗದು. ಪಿಕಪ್ಪು ನಾದವನ್ನು ಕೇಳುವುದೇ ಇಲ್ಲ. ಅಯಸ್ಕಾಂತವೊಂದರ ಸುತ್ತ ಕೂದಲಿನಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿಯು ಮಿಡಿದಾಗ ಅಯಸ್ಕಾಂತದ ಪ್ರಭಾವಕ್ಷೇತ್ರವು ಕದಲಿ, ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ನಿಯಮದಂತೆ, ಸುರುಳಿಯಲ್ಲಿ ಸ್ವಲ್ಪವೇ ವಿದ್ಯುತ್ತು ಹುಟ್ಟುತ್ತದೆ. ಗ್ರಹಿಸಲ್ಪಡುವುದು ಉಕ್ಕಿನ ಸ್ಪಂದನ. ಹಿತ್ತಾಳೆಯ ತಂತಿಯನ್ನು ಎಷ್ಟು ಮೀಟಿದರೂ ಇದು ಎಚ್ಚರುವುದಿಲ್ಲ. ಆದುದರಿಂದ ‘ಸ್ಪಂದಗ್ರಾಹಿ’ ಎಂಬುದೇ ಸಾಧುವಾದ ಹೆಸರು.

ಇದು ಬರಿಯ ಪದಗಳ ಜಗಳವಲ್ಲ. ಸ್ಪಂದಗ್ರಾಹಿಯು ನಾದಗ್ರಾಹಿಯಾದಾಗಲೇ ಕೆಡುಕು ಮೊದಲಾಗುವುದು. ಸುರುಳಿಯ ಸುತ್ತುಗಳು ಸಡಿಲವಾಗಿದ್ದರೆ, ಧ್ವನಿವರ್ಧಕದಿಂದ ಹೊಮ್ಮಿದ ಗದ್ದಲಕ್ಕೆ ಅವೇ ಅದುರಿ, ಆ ಅದುರು ಮತ್ತೆ ವರ್ಧಕಕ್ಕೆ ಹೋಗಿ, ಕಿವಿ ಸೀಳುವ ಕೀರಲು ಏಳುತ್ತದೆ. ಮನೆಯಲ್ಲಿ ನುಡಿಸುವವನಿಗೆ ಈ ದೋಷ ತಿಳಿಯದು. ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿ ಸುತ್ತುಗಳನ್ನು ಬಿಗಿಗೊಳಿಸುವುದು ಇದಕ್ಕೆ ಪರಿಹಾರ. ಮೇಳದಲ್ಲಿ ನುಡಿಸುವವನು ಮೇಣ ಕಾಣಿಸಿದ ಪಿಕಪ್ಪನ್ನೇ ಕೇಳಿ ಕೊಳ್ಳತಕ್ಕದ್ದು.

ಇನ್ನು ಗುಂಯ್‌ಕಾರದ ಮಾತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಮಂಟಪದ ದೀಪಗಳು, ಟ್ರಾನ್ಸ್‌ಫಾರ್ಮರುಗಳು, ನೆಲದಲ್ಲೆಳೆದ ತಂತಿಗಳು ಇವೆಲ್ಲದರಿಂದ ಹೊರಟ ಕ್ಷೇತ್ರವನ್ನು ಒಂಟಿ ಸುರುಳಿಯು ವಿವೇಕವಿಲ್ಲದೆ ಹೀರುತ್ತದೆ. ವಾದಕನು ಮೈ ತಿರುಗಿಸಿ ನಿಂತರೆ ಶಬ್ದ ತಗ್ಗುವುದುಂಟು. ಆದರೆ ಸಭೆಗೆ ಬೆನ್ನು ಮಾಡಿ ನುಡಿಸಲಾದೀತೆ? ಗಿಬ್ಸನ್ ಸಂಸ್ಥೆಯ ಸೇತ್ ಲವರನು ಎರಡು ಸುರುಳಿಗಳ ‘ಹಂಬಕರ್’ ಎಂಬುದನ್ನು ರಚಿಸಿ 1955ರಲ್ಲಿ ಸ್ವಾಮ್ಯಪತ್ರಕ್ಕೆ ಅರ್ಜಿ ಹಾಕಿದನು. ಅದರಲ್ಲಿ ಒಂದು ಸುರುಳಿಗೆ ಉತ್ತರಧ್ರುವ, ಇನ್ನೊಂದಕ್ಕೆ ದಕ್ಷಿಣಧ್ರುವ, ಜೋಡಣೆಯೂ ವಿರುದ್ಧ. ಹೊರಗಿನ ಗುಂಯ್‌ಕಾರವು ಎರಡರಲ್ಲಿಯೂ ಒಂದೇ ಬಗೆಯಾಗಿ ಹುಟ್ಟುವುದರಿಂದ ವಿರುದ್ಧ ಜೋಡಣೆಯಲ್ಲಿ ಅಳಿದುಹೋಗುತ್ತದೆ. ತಂತಿಯ ಸ್ಪಂದನವಾದರೋ ಧ್ರುವವೂ ತಿರುಗುಮುರುಗಾದ ಕಾರಣ ಕೂಡಿ ಇಮ್ಮಡಿಸುತ್ತದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ಕಂಡವರಿಗೆ, ಎರಡು ಅರ್ಧಗಳು ಒಂದೇ ಮೂರ್ತಿಯಾಗಿ ನಿಂತಿರುವ ಈ ಮರ್ಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ಬೆಲೆಯೂ ಉಂಟು. ಎರಡು ಕಡೆ ಗ್ರಹಿಸುವುದರಿಂದ ಮೇಲಣ ಸೂಕ್ಷ್ಮಸ್ವರಗಳು ಕೆಲಮಟ್ಟಿಗೆ ಮಂಕಾಗುತ್ತವೆ. 1954ರ ಸ್ಟ್ರಾಟೊಕಾಸ್ಟರಿನ ಮಾದರಿಯ ಕಿರಿದಾದ ಕುಳಿಯುಳ್ಳ ಗಿಟಾರಿಗೆ, ಮರವನ್ನು ಕೆತ್ತದೆಯೇ ಕೂಡುವಂತೆ, ಒಂದರ ಮೇಲೊಂದು ಸುರುಳಿಯಿಟ್ಟು ಮಾಡಿದವು ದೊರೆಯುತ್ತವೆ.

ಬಲಿಷ್ಠವಾದ ಪಿಕಪ್ಪೇ ಮೇಲೆಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ಬಹುಮಟ್ಟಿಗೆ ಭ್ರಮೆ. ಸುತ್ತುಗಳು ಹೆಚ್ಚಿದಂತೆ ತಾರಸ್ವರಗಳು ಕುಗ್ಗಿ ಧ್ವನಿ ಮಡ್ಡಿಯಾಗುತ್ತದೆ. ಗದ್ದಲವನ್ನು ಹೆಚ್ಚಿಸುವ ಕೆಲಸಕ್ಕೆ ವರ್ಧಕವೇ ಇದೆಯಷ್ಟೆ. ಮಂದ್ರವು ಬೇಸ್ ಗಿಟಾರಿನದೂ ಡ್ರಮ್ಮಿನದೂ ಆದುದರಿಂದ ಗಿಟಾರಿನ ನೆಲೆ ಮಧ್ಯಮವೇ. ಕೋಣೆಯಲ್ಲಿ ತುಂಬುಕಂಠವೆನಿಸಿದ್ದು ಮೇಳದಲ್ಲಿ ಗಾಯಕನ ಕಂಠವನ್ನು ನುಂಗಿ ತಾನೂ ಮುಳುಗುತ್ತದೆ. ಅಂಗಡಿಯವರು ಹೇಳುವ ಕಿಲೋ ಓಮ್ ಲೆಕ್ಕವೂ ಬಲದ ಅಳತೆಯಲ್ಲ: ತಂತಿ ಸಣ್ಣದಾದರೆ ಅಷ್ಟೇ ಸುತ್ತಿಗೂ ಆ ಸಂಖ್ಯೆ ಏರುತ್ತದೆ. ಕುದುರೆಯ ಬಳಿ ತಂತಿಯ ಓಲಾಟ ಕಡಮೆಯಾದುದರಿಂದ ಅಲ್ಲಿಯದು ಕೊರಳ ಬಳಿಯದಕ್ಕಿಂತ ಕೊಂಚ ಬಲವುಳ್ಳದ್ದಾಗಿದ್ದರೆ ಸಾಕು.

ಹಣ ತೆರುವ ಮುನ್ನ ಒಂದು ತಿರುಪುಳಿಯನ್ನು ಕೈಗೆತ್ತಿಕೊಳ್ಳಬೇಕು. ಪಿಕಪ್ಪು ತಂತಿಗೆ ಅತಿ ಸಮೀಪವಿದ್ದರೆ ಅಯಸ್ಕಾಂತವು ತಂತಿಯನ್ನು ಸೆಳೆದು ಶ್ರುತಿಯನ್ನೇ ಕದಲಿಸುತ್ತದೆ. ದೂರವಾದರೆ ಸ್ವರ ಬಡವಾಗುತ್ತದೆ. ಎರಡು ಬದಿಯ ತಿರುಪುಗಳನ್ನು ಕಾಲು ಸುತ್ತಿನಂತೆ ಇಳಿಸುತ್ತ ಏರಿಸುತ್ತ, ಡ್ರಮ್ಮಿನವನನ್ನೂ ಜೊತೆಗೆ ಕೂಡಿಸಿಕೊಂಡು, ಮಂಟಪದಲ್ಲಿ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸಿ ನೋಡತಕ್ಕದ್ದು. ಎಷ್ಟೋ ವೇಳೆ ಹಳೆಯ ಪಿಕಪ್ಪೇ ಸಾಕೆಂದು ಅಲ್ಲಿಗೇ ತೀರ್ಮಾನವಾಗುತ್ತದೆ.